ಮಗ್ಗ ಮತ್ತೆ ಶುರುವಾಗಿದೆ, ನಿಮಗೆಲ್ಲ ಶರಣು

ಇಳಕಲ್ಲಿನ ನಮ್ಮ ಮನೆಯಲ್ಲಿ 2020ರ ಲಾಕ್‌ಡೌನ್‌ಗೆ ನಿಂತುಹೋಗಿದ್ದ ಎರಡನೇ ಮಗ್ಗ ಈ ತಿಂಗಳು ಮತ್ತೆ ಶುರುವಾಗಿದೆ. ನೂಲಿನ ಸಾಲವೂ ತೀರಿತು. ಕೈಹಿಡಿದವರನ್ನು ಸುಮ್ನೆ ಮನಸ್ಸಲ್ಲೇ ನೆನೆದರೆ ಸಾಲದು ಅನಿಸಿ ಬರೆಯುತ್ತಿದ್ದೇನೆ.

ಮೊದಲು ಅಪ್ಪನಿಗೆ. ಆಗ ಮದುವೆ, ಜಾತ್ರೆ ಎಲ್ಲ ನಿಂತು ಸೀರೆ ಕೇಳುವವರೇ ಇರಲಿಲ್ಲ. ಒಡಲಿಗೆ ಸೆರಗು ಜೋಡಿಸೋ ಕೊಂಡಿ ಬಿಡ್ರಿ, ಕೆಲಸ ಜಲ್ದಿ ಆಗ್ತದ ಅಂತ ಸುಮಾರು ಜನ ಹೇಳಿದರು, ಒಳ್ಳೇದಾಗಲಿ ಅಂತಲೇ ಹೇಳಿದರು. ನಮ್ಮ ಸೀರೆಯ ಒಡಲಿನ ಹಾಸು (ಮಗ್ಗದ ಮೇಲೆ ಉದ್ದಕ್ಕೆ ಹಾಯುವ ಎಳೆಗಳು) ಹತ್ತಿ, ಸೆರಗಿನ ಹಾಸು ರೇಷ್ಮೆ. ಎರಡನ್ನೂ ಎಳೆಗೆ ಎಳೆ ಕೊಂಡಿ ಹಾಕಿ ಜೋಡಿಸಬೇಕು, ಹಾಗಾಗಿ ಉದ್ದ ಹಾಸು ಏರಿಸಿ ಸೀರೆ ಮೇಲೆ ಸೀರೆ ನೇಯುತ್ತಾ ಹೋಗಲು ಆಗುವುದಿಲ್ಲ, ಒಂದೊಂದು ಸೀರೆಗೂ ಹಾಸು ಬೇರೆಯೇ ತಯಾರಾಗಬೇಕು. ಖರ್ಚು ಜಾಸ್ತಿ, ಹೊತ್ತು ಜಾಸ್ತಿ. ಅಪ್ಪ ಜಗ್ಗಲಿಲ್ಲ. ಕೊಂಡಿ ಮತ್ತು ಟೋಪ್ ತೆನಿ ಸೆರಗು (ಕೆಂಪು ರೇಷ್ಮೆಯ ಮೇಲೆ ಬಿಳಿ ವಿನ್ಯಾಸದ ನಮ್ಮ ಹಳೇ ಸೆರಗು) ಮುಟ್ಟಬ್ಯಾಡ್ರಿ, ಉಳಿದದ್ದು ಏನು ಬೇಕಾದರೂ ಬದಲಿಸೋಣ ಅಂದರು.

ಮಾತಿಗಷ್ಟೇ ಅಂದದ್ದಲ್ಲ ಅದು. 9 ಗಜದ ಸೀರೆ ನೇಯ್ದು ಬೆಳೆದ ಮನುಷ್ಯ, ಬ್ಲೌಸ್ ಪೀಸ್ ಸಮೇತ 6 ಗಜದ್ದು ನೇಯಲು ಕೂತರು. ದಾಳಿಂಬೆ ಕೆಂಪು, ಗಿಳಿ ಹಸಿರಿನ ಪಕ್ಕಕ್ಕೆ ಬೂದಿ ಬಣ್ಣ, ತಿಳಿ ಹಳದಿ ಬಂದವು. ದಡಿ ಸಣ್ಣದಾಯಿತು. ಈ ವಯಸ್ಸಿನಲ್ಲಿ ವಾಟ್ಸಾಪ್‌ನಲ್ಲಿ ಫೋಟೋ ಕಳಿಸುವುದನ್ನೂ ಕಲಿತರು!

ಅವ್ವನಿಗೆ ಏನು ಹೇಳಲಿ? ಕೊಂಡಿ ಹಾಕುವ ಬೆರಳು ಅವಳದೇ. ಸೀರೆ ನೋಡಿದವರು ನೇಯ್ದವರನ್ನು ಹೊಗಳುತ್ತಾರೆ, ಎಳೆ ಜೋಡಿಸಿದವರ ಹೆಸರು ಯಾರೂ ಕೇಳುವುದಿಲ್ಲ, ನನಗೆ ಈಗಲೂ ಅದು ಸರಿ ಕಾಣುವುದಿಲ್ಲ.

ಕೈಯಲ್ಲಿ ದುಡ್ಡಿಲ್ಲದಾಗ ನಂಬಿಕೆಯ ಮೇಲೆ ರೇಷ್ಮೆ ಕೊಟ್ಟ ಓಣಿಯ ಕಾಕಾ, ನಿಮ್ಮ ಋಣ ದೊಡ್ಡದು. ಧಾರವಾಡದಿಂದ, ಬೆಂಗಳೂರಿನಿಂದ, ದೂರದ ದುಬೈನಿಂದಲೂ ಮುಂಗಡ ಕಳಿಸಿ ತಿಂಗಳುಗಟ್ಟಲೆ ಕಾದ ಅಕ್ಕಂದಿರೇ, ಚೌಕಾಸಿ ಮಾಡದೆ ಕಾದಿರಲ್ವಾ, ಅದೇ ನಮ್ಮನ್ನು ಉಳಿಸಿತು. ಈ ಬಣ್ಣ ನಮಗೆ ಒಪ್ಪಲ್ಲ ಅಂತ ನೇರವಾಗಿ ಹೇಳಿದವರಿಗೂ ಅಷ್ಟೇ ಥ್ಯಾಂಕ್ಸ್, ಎಷ್ಟೋ ಒಳ್ಳೆಯ ಸೀರೆಗಳು ಆ ಮಾತಿನಿಂದಲೇ ಹುಟ್ಟಿದವು.

ದೀಪಾವಳಿಗೆ ಕೇಳಿದವರ ಹಾಸು ಈ ವಾರ ಹಾಕುತ್ತೇವೆ. ತಡವಾಗುವಂತಿದ್ದರೆ ನಾನೇ ಫೋನ್ ಮಾಡುತ್ತೇನೆ.