ಆಪರೇಷನ್ನಿಗೆ ಮುಂಚೆಯೇ ರಕ್ತ ಪರೀಕ್ಷೆಗೆ ಕೊಡು

ಚಿ. ಮಂಜುನಾಥನಿಗೆ ದೊಡ್ಡಪ್ಪನ ಆಶೀರ್ವಾದಗಳು.

ಸ್ಕ್ಯಾನಿಂಗ್ ರಿಪೋರ್ಟು ನೋಡಿದೆ. ಬಲಗಡೆ ಬೀಜದೊಳಗೆ, ಅಂದರೆ ವೃಷಣದೊಳಗೆ, ಗಟ್ಟಿ ಗಂಟಿದೆ. ನೋವಿಲ್ಲವಲ್ಲ ಅಂತ ಇನ್ನೊಂದು ತಿಂಗಳು ಮಾತ್ರೆ ನುಂಗುತ್ತ ಕೂರಬೇಡ. ನೋವಿಲ್ಲದ ಗಟ್ಟಿ ಗಂಟೇ ಇಲ್ಲಿ ಹೆಚ್ಚು ಅನುಮಾನದ್ದು. ನಾಚಿಕೆಯನ್ನೂ ಬದಿಗಿಡು. ವೃಷಣದ ಕ್ಯಾನ್ಸರ್ ಹೊಟ್ಟೆಗೋ ಶ್ವಾಸಕೋಶಕ್ಕೋ ಹಬ್ಬಿದ ಮೇಲೂ ಬಹುಪಾಲು ಗುಣವಾಗುತ್ತದೆ. ಆದರೆ ಚಿಕಿತ್ಸೆಯ ಕ್ರಮ ತಪ್ಪಬಾರದು.

ಮೊದಲು ರಕ್ತ ಪರೀಕ್ಷೆ. ಎಎಫ್‌ಪಿ, ಬೀಟಾ ಎಚ್‌ಸಿಜಿ, ಎಲ್‌ಡಿಎಚ್, ಈ ಕ್ಯಾನ್ಸರಿನಲ್ಲಿ ರಕ್ತದಲ್ಲಿ ಏರಬಹುದಾದ ಈ ಮೂರರ ಪರೀಕ್ಷೆಯನ್ನೂ ಆಪರೇಷನ್ನಿಗೆ ಮುಂಚೆಯೇ ಮಾಡಿಸು. ಬೀಜ ತೆಗೆದ ಮೇಲೆ, ಏರಿದ್ದ ಎಚ್‌ಸಿಜಿ ಒಂದೆರಡು ದಿನಕ್ಕೊಮ್ಮೆ, ಎಎಫ್‌ಪಿ 5ರಿಂದ 7 ದಿನಕ್ಕೊಮ್ಮೆ ಅರ್ಧರ್ಧ ಇಳಿಯುತ್ತ ಬರಬೇಕು. ಇಳಿಯದಿದ್ದರೆ ರೋಗ ಬೇರೆಡೆ ಉಳಿದಿರುವ ಅನುಮಾನ. ಮೊದಲಿನ ಅಂಕಿಯೇ ಇಲ್ಲದಿದ್ದರೆ ಯಾವುದಕ್ಕೆ ಹೋಲಿಸುವುದು?

ಕೊಯ್ಯುವ ಜಾಗವೂ ಮುಖ್ಯ. ತೊಡೆಸಂದಿನಲ್ಲಿ ಕೊಯ್ದು, ವೀರ್ಯನಾಳದ ಸಮೇತ ಬೀಜವನ್ನು ಮೇಲಿನಿಂದ ತೆಗೆಯಬೇಕು. ಬೀಜವಿರುವ ಚೀಲದ ಮೇಲೆ ಕೊಯ್ಯುವುದಾಗಲಿ, ಸೂಜಿ ಚುಚ್ಚಿ ತುಣುಕು ತೆಗೆಯುವುದಾಗಲಿ ಬೇಡ. ಬೀಜದ ದುಗ್ಧರಸ (ಲಿಂಫ್ ದ್ರವ) ಹೊಟ್ಟೆಯ ಹಿಂಬದಿಯ ಗ್ರಂಥಿಗಳಿಗೆ ಹೋಗುತ್ತದೆ, ಚೀಲದ ಚರ್ಮದ್ದು ತೊಡೆಸಂದಿಗೆ. ಚೀಲ ಕೊಯ್ದರೆ ರೋಗಕ್ಕೆ ಇನ್ನೊಂದು ದಾರಿ ತೆರೆದುಕೊಟ್ಟಂತೆ.

ನಿನಗಿನ್ನೂ ಮದುವೆಯಾಗಿಲ್ಲ. ಉಳಿದ ಒಂದೇ ಬೀಜ ಸಾಮಾನ್ಯವಾಗಿ ಸಾಕಾಗುತ್ತದೆ, ಆದರೂ ವೀರ್ಯ ಶೇಖರಿಸಿಡು. ಆಪರೇಷನ್ನಿಗೆ ಮುಂಚೆ ಆದರೆ ಒಳ್ಳೆಯದು, ಕೀಮೋಗೆ ಮುಂಚೆ ಆಗಲೇಬೇಕು. ಎರಡು ಮೂರು ದಿನ ಬಿಟ್ಟು ಎರಡು ಮೂರು ಸಲ ಕೊಡು. ಪುರುಸೊತ್ತಿಲ್ಲದಿದ್ದರೆ ಒಂದು ಸಲವಾದರೂ ಕೊಡು.

ತೆಗೆದ ಗಡ್ಡೆಯ ಬಯಾಪ್ಸಿಯಲ್ಲಿ ಸೆಮಿನೋಮ (ವೃಷಣದ ಕ್ಯಾನ್ಸರಿನ ಒಂದು ಬಗೆ) ಅಂತ ಬಂದು, ಸಿಟಿ ಸ್ಕ್ಯಾನಿನಲ್ಲಿ ಬೇರೇನೂ ಕಾಣದಿದ್ದರೆ ಔಷಧವಿಲ್ಲದೆ ಕಾದು ನೋಡುವುದೇ ನನಗೆ ಸರಿ ಕಾಣುತ್ತದೆ. ಆದರೆ ತಪಾಸಣೆಗೆ ಒಂದು ಸಲವೂ ತಪ್ಪಿಸಿಕೊಳ್ಳಬಾರದು, ಅದರಲ್ಲೂ ಮೊದಲ ಎರಡು ವರ್ಷ. ಸೆಮಿನೋಮ ಅಂತ ಬರೆದಿದ್ದರೂ ಎಎಫ್‌ಪಿ ಏರಿದ್ದರೆ ಇನ್ನೊಂದು ಬಗೆಯೆಂದೇ ಹಿಡಿದು ಚಿಕಿತ್ಸೆ ಮಾಡುತ್ತಾರೆ. ಈ ಮಾತು ಡಾಕ್ಟರ ಬಳಿ ಎತ್ತು.

ಹಬ್ಬಿದ್ದರೆ ಬಿಇಪಿ ಕೀಮೋ: ಬ್ಲಿಯೋಮೈಸಿನ್, ಎಟೊಪೊಸೈಡ್, ಸಿಸ್‌ಪ್ಲಾಟಿನ್. 21 ದಿನದ ಒಂದು ಸುತ್ತು, ಅಪಾಯ ಕಡಿಮೆಯಿದ್ದರೆ 3, ಹೆಚ್ಚಿದ್ದರೆ 4. ಎಟೊಪೊಸೈಡ್, ಸಿಸ್‌ಪ್ಲಾಟಿನ್ ಎರಡೂ ಪ್ರತಿ ಸುತ್ತಿನ ಮೊದಲ 5 ದಿನ, ಬ್ಲಿಯೋಮೈಸಿನ್ ವಾರಕ್ಕೊಮ್ಮೆ. ಸುಸ್ತು ಅಂತ ದಿನ ಮುಂದೂಡಿಸಬೇಡ, ಪ್ರಮಾಣ ಇಳಿಸಿ ಅಂತ ಕೇಳಬೇಡ; ರೋಗ ಮರುಕಳಿಸುವುದು ಅಲ್ಲಿಯೇ. ಕಿವಿ ಗುಂಯ್‌ಗುಟ್ಟಿದರೆ, ಒಣಕೆಮ್ಮೋ ಏದುಸಿರೋ ಬಂದರೆ ಮುಂದಿನ ಡೋಸಿಗೆ ಮುಂಚೆ ಹೇಳು. ಜ್ವರ 100.4 ಡಿಗ್ರಿ ಮುಟ್ಟಿದರೆ ಮಧ್ಯರಾತ್ರಿಯಾದರೂ ಆಸ್ಪತ್ರೆಗೆ ಹೋಗು. ಮುಂದೆಂದಾದರೂ ಅರಿವಳಿಕೆ ಕೊಡುವಾಗ ಬ್ಲಿಯೋಮೈಸಿನ್ ಆಗಿದೆ ಎಂದು ತಿಳಿಸು.

ಉಳಿದ ಬೀಜವನ್ನು ತಿಂಗಳಿಗೊಮ್ಮೆ ಬಿಸಿನೀರಿನ ಸ್ನಾನದ ನಂತರ ಹೆಬ್ಬೆರಳು, ಬೆರಳುಗಳ ನಡುವೆ ಮೆಲ್ಲಗೆ ಹೊರಳಿಸಿ ನೋಡು. ಹಿಂಬದಿಯ ಮೆತ್ತನೆ ನಾಳ ಸಹಜವೇ. ಬಟಾಣಿಯಂಥ ಗಟ್ಟಿ ಗಂಟು ಸಿಕ್ಕರೆ ಮಾತ್ರ ಆ ವಾರವೇ ತೋರಿಸು.

ಸೋಮವಾರ ಹೊರಡುವಾಗ ರಿಪೋರ್ಟಿನ ಜೊತೆ ಸ್ಕ್ಯಾನಿನ ಸಿಡಿಯೂ ಇರಲಿ.

ನಿನ್ನ ದೊಡ್ಡಪ್ಪ