ಗುಜರಿ ಅಂಗಡಿಯಲ್ಲಿ ಸಿಕ್ಕಿದ ರೋಲೈ: ಪುಟ್ಟಿಗೆ ಮಾವನ ಪತ್ರ

ನೀರ್ಚಾಲು, ಕಾಸರಗೋಡು
ಆಟಿ ತಿಂಗಳು

ಪ್ರೀತಿಯ ಪುಟ್ಟಿಗೆ, ಮಾವನ ಆಶೀರ್ವಾದಗಳು.

ಕುಂಬಳೆಯ ಗುಜರಿ ಅಂಗಡಿಯಿಂದ ಎಂಟುನೂರು ರೂಪಾಯಿಗೆ ತಂದ ಹಳೆ ರೋಲೈ 35 ಫಿಲ್ಮ್ ಕ್ಯಾಮೆರಾದ್ದು ಅಂತ ನೀನು ವಾಟ್ಸಾಪಿನಲ್ಲಿ ಕಳಿಸಿದ ಫೋಟೋಗಳನ್ನೆಲ್ಲ ನೋಡಿದೆ. ಇಷ್ಟುದ್ದದ ವಿಷಯವನ್ನು ಫೋನಿನಲ್ಲಿ ಕುಟ್ಟುತ್ತಾ ಕೂರುವುದು ನನ್ನಿಂದ ಆಗದು, ಅದಕ್ಕೇ ಈ ಕಾಗದ. ಇದನ್ನು ಓದಿ ಮುಗಿಸುವವರೆಗೆ ಕ್ಯಾಮೆರಾದ ಹಿಂಭಾಗ ಮಾತ್ರ ತೆಗೆಯಬೇಡ. ಒಂದು ಫೋಟೋದಲ್ಲಿ ಅದರ ತಳ ಕಾಣುತ್ತದೆ. ಅಲ್ಲಿ ಫಿಲ್ಮಿನ ಲೆಕ್ಕ ತೋರಿಸುವ ಸಣ್ಣ ಕಿಂಡಿ ಇದೆ. ಅದರಲ್ಲಿ 17ರ ಹತ್ತಿರ ನಿಂತಿದೆ. ಹಿಂಭಾಗ ತೆಗೆದಿದ್ದರೆ ಲೆಕ್ಕ ಮೊದಲಿಗೆ ಹೋಗಬೇಕಿತ್ತು. ಹೋಗಿಲ್ಲ ಅಂದರೆ ಒಳಗೆ ಯಾರದೋ ರೋಲ್ ಇರುವ ಸಾಧ್ಯತೆ ಜಾಸ್ತಿ.

ತಳದಲ್ಲೇ ರೋಲ್ ಸುತ್ತುವ ಮಡಚಿದ ಹಿಡಿ ಇದೆ. ಅದನ್ನು ಬಿಡಿಸಿ ಬಾಣದ ದಿಕ್ಕಿಗೆ ಮೆಲ್ಲ ತಿರುಗಿಸಿ ನೋಡು. ಸಲೀಸಾಗಿ ತಿರುಗಿತೋ, ಒಳಗೆ ಏನೂ ಇಲ್ಲ. ಬಿಗಿಯಾಯಿತೋ, ಫಿಲ್ಮ್ ಇದೆ. ಇದ್ದರೆ 'ಆರ್' ಎಂದು ಗುರುತು ಇರುವ ಸಣ್ಣ ಲಿವರನ್ನು ತಿರುಗಿಸಿ, ಪೂರ್ತಿ ಸುತ್ತಿ, ಹಿಡಿ ಹಗುರ ಆದಮೇಲೆ ನೆರಳಿನಲ್ಲಿ ತೆಗಿ. ಹಳೆ ಫಿಲ್ಮ್ ಒಣಗಿ ಸೆಟೆದಿರುತ್ತದೆ, ಎಳೆದರೆ ತುಂಡಾಗುತ್ತದೆ, ನಿಧಾನ. ಡಬ್ಬಿಯ ಮೇಲೆ ಏನು ಬರೆದಿದೆ ಓದು. ಸಿ-41 ಅಂತ ಇದ್ದರೆ ಮಾಮೂಲಿ ಕಲರ್ ಫಿಲ್ಮ್, ಈಗಲೂ ಬೆಂಗಳೂರಿನಲ್ಲಿ ತೊಳೆಯುತ್ತಾರೆ. ಕೊಡಾಕ್ರೋಮ್ ಅಂತ ಇದ್ದರೆ ಅದರ ಬಣ್ಣ ಇನ್ನು ಬರುವುದಿಲ್ಲ. ಆ ಫಿಲ್ಮ್ ತೊಳೆಯುತ್ತಿದ್ದ ಕೊನೆಯ ಲ್ಯಾಬ್ ಅಮೆರಿಕದ ಕಾನ್ಸಾಸಿನಲ್ಲಿತ್ತು, 2010ರ ಕೊನೆಗೆ ರೋಲ್ ತೆಗೆದುಕೊಳ್ಳುವುದನ್ನು ನಿಲ್ಲಿಸಿತು. ಆದರೆ ಕಪ್ಪುಬಿಳುಪಿನ ರಾಸಾಯನಿಕದಲ್ಲಿ ತೊಳೆದರೆ ಮುಖ ಮೂಗು ಕಾಣುವಷ್ಟು ಬಂದರೂ ಬರಬಹುದು.

ಬಂದರೆ, ಅದು ನಿನ್ನ ಚಿತ್ರ ಅಲ್ಲ. ಇನ್‌ಸ್ಟಾಗ್ರಾಮಿಗೆ ಹಾಕಿ 'ಯಾರಿವರು ಗೊತ್ತಾ' ಎಂದು ಊರಿಗೆಲ್ಲ ಕೇಳಬೇಡ. ಅಂಗಡಿಯವನ ಹತ್ತಿರ ಹೋಗಿ, ಈ ಸಾಮಾನು ಯಾವ ಮನೆಯಿಂದ ಬಂತು ಅಂತ ವಿಚಾರಿಸು. ಕುಂಬಳೆಯಂಥ ಊರಿನಲ್ಲಿ ಹಳೆ ಸಾಮಾನು ಎಲ್ಲಿಂದ ಬಂತು ಅಂತ ಪತ್ತೆ ಮಾಡುವುದು ಕಷ್ಟ ಅಲ್ಲ. ನಮ್ಮ ಕಡೆಯಿಂದ ಕೊಲ್ಲಿಗೆ, ಹಡಗಿನ ಕೆಲಸಕ್ಕೆ ಹೋದವರು ಕಡಿಮೆಯಾ? ಟೇಪ್ ರೆಕಾರ್ಡರ್, ಸೆಂಟಿನ ಬಾಟಲಿ ತಂದಂತೆ ಕ್ಯಾಮೆರಾವನ್ನೂ ತರುತ್ತಿದ್ದರು. ಅವರು ಹೋದಮೇಲೆ ಮಕ್ಕಳು ಅಟ್ಟ ಖಾಲಿ ಮಾಡುತ್ತಾರೆ, ತೂಕಕ್ಕೆ ಹಾಕುತ್ತಾರೆ. ಆ ಮನೆಯಲ್ಲಿ ಯಾರಾದರೂ ಇದ್ದರೆ ಪ್ರಿಂಟು ಹಾಕಿಸಿ ಕೊಟ್ಟು ಬಾ.

ಎಂಟುನೂರು ರೂಪಾಯಿಗೆ ಇಂಥದ್ದನ್ನು ತಂದು ಅವನಿಗೆ ಮೋಸ ಮಾಡಿದ ಹಾಗಾಯಿತಾ ಅಂತ ಕೇಳಿದ್ದೀ. ಇಲ್ಲ ಮಾರಾಯ್ತಿ. ಅವನು ಹೇಳಿದ ಕ್ರಯ, ನೀನು ಚೌಕಾಸಿ ಸಹ ಮಾಡದೆ ಕೊಟ್ಟೆ. ಆದರೆ 'ಅವನಿಗೆ ಇದರ ಬೆಲೆಯೇ ಗೊತ್ತಿಲ್ಲ' ಅಂತ ಗೆಳತಿಯರ ಮುಂದೆ ನಗಬೇಡ, ಅದು ಚಂದ ಅಲ್ಲ.

ಇನ್ನು ನೀನು 'ಭಾರೀ ಅಪರೂಪದ್ದು' ಅಂತ ಬರೆದದ್ದಕ್ಕೆ ಸ್ವಲ್ಪ ತಣ್ಣೀರು. ನಮ್ಮ ಊರಿನ ಮಟ್ಟಿಗೆ ಅಪರೂಪ, ಒಪ್ಪಿದೆ. ನಮ್ಮ ಕಾಲದ ಮನೆಗಳಲ್ಲಿ ಇದ್ದರೆ ಆಗ್ಫಾ ಕ್ಲಿಕ್ 3 ಎಂಬ ಕ್ಯಾಮೆರಾ ಇರುತ್ತಿತ್ತು, 120 ಎಂಬ ಅಗಲದ ಫಿಲ್ಮ್, ಒಂದು ರೋಲಿಗೆ 12 ಚಿತ್ರ. ನಾನು ಬದಿಯಡ್ಕದಲ್ಲಿ ಸ್ಟುಡಿಯೋ ನಡೆಸಿದಷ್ಟು ಕಾಲ ರೋಲೈ 35ನ್ನು ರಿಪೇರಿಗೆ ತಂದವರು ಇಲ್ಲವೆನ್ನುವಷ್ಟು ಕಡಿಮೆ. ಆದರೆ ಜಗತ್ತಿನಲ್ಲಿ ಎಲ್ಲ ಮಾದರಿ ಸೇರಿ ಸುಮಾರು 20 ಲಕ್ಷ ತಯಾರಾಗಿವೆ. ಹಾಗಾಗಿ ಗಾಜಿನ ಕಪಾಟಿನಲ್ಲಿ ಇಟ್ಟು ಪೂಜೆ ಮಾಡುವ ವಸ್ತು ಅಲ್ಲ. ಮಾರಿದರೆ ಎಷ್ಟು ಬರುತ್ತದೆ ಎಂದು ದಿನಾ ಮೊಬೈಲಿನಲ್ಲಿ ನೋಡುವುದನ್ನೂ ಬಿಡು. ಅದು ಚಿತ್ರ ತೆಗೆಯಲಿಕ್ಕೆ ಮಾಡಿದ ಯಂತ್ರ, ಅದರಿಂದ ತೆಗಿ.

ಮಾಡಿದವನ ಕತೆ ಚೆನ್ನಾಗಿದೆ. ಹೈನ್ಜ್ ವಾಸ್ಕೆ ಅಂತ ಜರ್ಮನಿಯ ವಿನ್ಯಾಸಕಾರ. ಪೂರ್ತಿ 35 ಎಂಎಂ ಚೌಕಟ್ಟಿನ ಕ್ಯಾಮೆರಾವನ್ನು ಅಂಗೈಯಲ್ಲಿ ಹಿಡಿಸಬೇಕು ಅಂತ ತಾನೇ ಕೂತು ಮಾದರಿ ಮಾಡಿದ. ಅವನಿದ್ದ ವಿರ್ಗಿನ್ ಕಂಪನಿ ಕ್ಯಾಮೆರಾ ಮಾಡುವುದನ್ನೇ ನಿಲ್ಲಿಸುವುದರಲ್ಲಿತ್ತು. ಲೈಕಾ ಕ್ಯಾಮೆರಾ ಮಾಡುವ ಲೈಟ್ಸ್ ಕಂಪನಿಗೆ ತೋರಿಸಿದ, ಕೊಡಾಕಿಗೆ ತೋರಿಸಿದ, ಇಬ್ಬರಿಗೂ ಬೇಡವಾಯಿತು. ಕೊನೆಗೆ ಕೆಲಸ ಸಿಕ್ಕಿದ ರೋಲೈ ಕಂಪನಿ ಅದನ್ನು ಕೈಗೆತ್ತಿಕೊಂಡು 1966ರಲ್ಲಿ ಫೋಟೋಕಿನಾ ಎಂಬ ಕ್ಯಾಮೆರಾ ಮೇಳದಲ್ಲಿ ತೋರಿಸಿತು. ಮೊದಲು ಜರ್ಮನಿಯಲ್ಲಿ, 1970ರ ದಶಕದಲ್ಲಿ ಸಿಂಗಾಪುರದಲ್ಲಿ ಮಾಡಿದರು. ನಿನ್ನದು ಸಿಂಗಾಪುರದ್ದು. ಅದಕ್ಕೆ ಬೇಜಾರು ಬೇಡ, ಚಿತ್ರದಲ್ಲಿ ಎಲ್ಲಿಯದು ಅಂತ ಯಾರಿಗೂ ತಿಳಿಯುವುದಿಲ್ಲ.

ಅಷ್ಟು ಚಿಕ್ಕದು ಮಾಡಲು ಹೋಗಿ ಅವನು ಎಲ್ಲವನ್ನೂ ಅಡಿಮೇಲು ಇಟ್ಟಿದ್ದಾನೆ. ಫಿಲ್ಮ್ ಮುಂದೆ ತಳ್ಳುವ ಲಿವರ್ ಎಡಗೈಗೆ, ಫ್ಲ್ಯಾಶ್ ಸಿಕ್ಕಿಸುವ ಜಾಗ ತಳದಲ್ಲಿ. ಹಾಗೇ ಫ್ಲ್ಯಾಶ್ ಹೊಡೆದರೆ ಬೆಳಕು ಗದ್ದದ ಕೆಳಗಿನಿಂದ ಹೋಗುತ್ತದೆ, ಮೂಗಿನ ನೆರಳು ಹಣೆಗೆ ಬೀಳುತ್ತದೆ. ಕ್ಯಾಮೆರಾವನ್ನೇ ತಲೆಕೆಳಗೆ ಹಿಡಿಯಬೇಕು. ನೀನು ಫ್ಲ್ಯಾಶ್ ಕೊಳ್ಳುವ ಗೋಜಿಗೇ ಹೋಗಬೇಡ.

ಇದರಲ್ಲಿ ಜನ ಹಾಳುಮಾಡುವುದು ಒಂದೇ ಜಾಗದಲ್ಲಿ, ಲೆನ್ಸ್ ಒಳಗೆ ತಳ್ಳುವಾಗ. ಸರಿಯಾಗಿ ಕೇಳು. ಬಳಸುವಾಗ ಲೆನ್ಸನ್ನು ಹೊರಗೆ ಎಳೆದು, ಬಲಕ್ಕೆ ತಿರುಗಿಸಿ, ಗಟ್ಟಿ ಕೂತಿದೆಯಾ ನೋಡಬೇಕು. ಮುಗಿದಮೇಲೆ ಮೊದಲು ಫಿಲ್ಮ್ ತಳ್ಳುವ ಲಿವರ್ ತಳ್ಳಿ ಶಟರ್, ಅಂದರೆ ಒಳಗೆ ಬೆಳಕು ಬಿಡುವ ಬಾಗಿಲನ್ನು, ಏರಿಸಬೇಕು. ಆಮೇಲೆ ಮೇಲಿನ ಸಣ್ಣ ಗುಂಡಿ ಒತ್ತಿ ಹಿಡಿದು, ಲೆನ್ಸನ್ನು ಎಡಕ್ಕೆ ತಿರುಗಿಸಿ ಒಳಗೆ ಬಿಡಬೇಕು. ಶಟರ್ ಏರಿಸದಿದ್ದರೆ ಲೆನ್ಸ್ ಒಳಗೆ ಹೋಗುವುದಿಲ್ಲ. 'ಹಳೆಯದಲ್ವಾ, ಜಾಮ್ ಆಗಿದೆ' ಅಂತ ಒತ್ತಿದರೆ ಒಳಗಿನ ಸಣ್ಣ ಹಲ್ಲು ಮುರಿಯುತ್ತದೆ, ಆಮೇಲೆ ಅದನ್ನು ಬಿಚ್ಚುವವರನ್ನು ಹುಡುಕಲು ಮುಂಬೈವರೆಗೆ ಹೋಗಬೇಕಾದೀತು. ಯಾವುದೇ ಹಳೆ ಕ್ಯಾಮೆರಾದಲ್ಲಿ ಒಂದು ಭಾಗ ಅಲ್ಲಾಡದಿದ್ದರೆ ಕೈ ತೆಗಿ. ಬಲ ಹಾಕುವ ಮೊದಲು ಅದು ಯಾಕೆ ಬೇಡ ಅನ್ನುತ್ತಿದೆ ಎಂದು ಯೋಚಿಸು.

ಖಾಲಿ ಕ್ಯಾಮೆರಾದಲ್ಲಿ ಒಂದು ಪರೀಕ್ಷೆ ಮಾಡು. ಶಟರಿನ ವೇಗವನ್ನು ಎರಡಕ್ಕೆ ಇಡು, ಅಂದರೆ ಅರ್ಧ ಸೆಕೆಂಡು. ಒತ್ತಿ ಕಿವಿ ಕೊಡು. ಗಿರ್ರ್ ಅಂತ ಒಂದೇ ಸಮನೆ ಸದ್ದು ಬಂದು ಮುಚ್ಚಬೇಕು. ನಡುವೆ ತಡೆದರೆ, ಅಥವಾ ತೆರೆದೇ ಉಳಿದರೆ, ಒಳಗಿನ ಎಣ್ಣೆ ಅಂಟಾಗಿದೆ. ಇಷ್ಟು ವರ್ಷ ಸುಮ್ನೆ ಬಿದ್ದ ಯಂತ್ರಕ್ಕೆ ಇದು ಸಾಮಾನ್ಯ. 125, 250, ಅಂದರೆ ಸೆಕೆಂಡಿನ ಅಷ್ಟರಲ್ಲೊಂದು ಪಾಲು, ಸಾಧಾರಣವಾಗಿ ಸರಿ ಇರುತ್ತವೆ, ಹಗಲಿಗೆ ಅದು ಸಾಕು. ಆಮೇಲೆ ವೇಗವನ್ನು 'ಬಿ'ಗೆ ಇಟ್ಟು (ಒತ್ತಿ ಹಿಡಿದಷ್ಟು ಹೊತ್ತು ತೆರೆದಿರುತ್ತದೆ), ಹಿಂಭಾಗ ತೆಗೆದು, ಶಟರ್ ಒತ್ತಿ ಹಿಡಿದು, ಒಂದು ಟಾರ್ಚನ್ನು ಓರೆಯಾಗಿ ಲೆನ್ಸಿಗೆ ಬಿಟ್ಟು ಹಿಂದಿನಿಂದ ನೋಡು. ನಾಲ್ಕು ಧೂಳಿನ ಕಣ ಕಂಡರೆ ತಲೆ ಕೆಡಿಸಿಕೊಳ್ಳಬೇಡ. ಜೇಡರ ಬಲೆಯಂತೆ ಎಳೆ ಎಳೆ ಕಂಡರೆ ಅದು ಬೂಸಲು, ಶುಚಿ ಮಾಡಿಸಬೇಕು. ದುಡ್ಡಿದ್ದರೆ ಖರ್ಚು ಮಾಡಬೇಕಾದ್ದು ಅಲ್ಲಿ. ಚರ್ಮದ ಪಟ್ಟಿ, ಫಿಲ್ಟರು ಎಲ್ಲ ಆಮೇಲೆ.

ಮೇಲ್ಭಾಗದಲ್ಲಿರುವ, ಬೆಳಕು ಅಳೆಯುವ ಮೀಟರಿನ ಮುಳ್ಳು ಸತ್ತಿದೆ ಅಂತ ಹೇಳಿದ್ದೀ. ಅದು ಸತ್ತಿಲ್ಲ, ಬ್ಯಾಟರಿ ಸತ್ತಿರಬೇಕು. ಅದಕ್ಕೆ ಬೇಕಾದದ್ದು 625 ಸೈಜಿನ ಪಾದರಸದ ಬ್ಯಾಟರಿ, 1.35 ವೋಲ್ಟಿನದು. ಪಾದರಸ ವಿಷ ಅಂತ ಅದನ್ನು ಮಾಡುವುದೇ ನಿಲ್ಲಿಸಿದ್ದಾರೆ. ಅಂಗಡಿಯವರು ಅದೇ ಅಳತೆಯ 1.5 ವೋಲ್ಟಿನ ಆಲ್ಕಲೈನ್ ಕೊಡುತ್ತಾರೆ. ಅದು ಹಿಡಿಯುತ್ತದೆ, ಆದರೆ ಮೀಟರು ಸುಳ್ಳು ಹೇಳುತ್ತದೆ. ನಾನು ಹೇಳುವುದು ಮೆಡಿಕಲ್ ಶಾಪಿನಲ್ಲಿ ಸಿಗುವ 675, ಕಿವಿಯ ಯಂತ್ರಕ್ಕೆ ಹಾಕುವಂಥದ್ದು. ನನ್ನ ಕಿವಿಯಲ್ಲಿ ಇರುವುದೂ ಅದೇ. ಅದು 1.4 ವೋಲ್ಟು, ಹತ್ತಿರ ಹತ್ತಿರ ಸರಿಹೋಗುತ್ತದೆ. ಸ್ವಲ್ಪ ಚಿಕ್ಕದು, ಸುತ್ತ ಒಂದು ರಬ್ಬರ್ ರಿಂಗ್ ಕೊಟ್ಟರೆ ಕೂರುತ್ತದೆ. ಮೇಲಿನ ಚೀಟಿ ಕಿತ್ತಮೇಲೆ ಬಳಸಿದರೂ ಬಿಟ್ಟರೂ ಕೆಲವು ತಿಂಗಳಲ್ಲಿ ಮುಗಿಯುತ್ತದೆ. ಇನ್ನೊಂದು ವಿಷಯ, ಬ್ಯಾಟರಿಯ ಗೂಡು ಫಿಲ್ಮ್ ಕೂರುವ ಕೋಣೆಯ ಒಳಗೇ ಇದೆ. ರೋಲ್ ಹಾಕಿದಮೇಲೆ ಬದಲಿಸಲಿಕ್ಕೆ ಆಗದು. ಮೊದಲೇ ನೋಡಿಕೊ.

ನಿಜ ಹೇಳಬೇಕೆಂದರೆ ಮೀಟರ್ ಇಲ್ಲದಿದ್ದರೂ ನಡೆಯುತ್ತದೆ. 200ರ ಫಿಲ್ಮ್ ಹಾಕು, ಈ ಸಂಖ್ಯೆ ಹೆಚ್ಚಿದಷ್ಟು ಕಡಿಮೆ ಬೆಳಕು ಸಾಕು. ಎಫ್ ಅಂದರೆ ಲೆನ್ಸಿನ ಬೆಳಕಿನ ತೂತಿನ ಅಳತೆ, ಸಂಖ್ಯೆ ಹೆಚ್ಚಿದಷ್ಟು ತೂತು ಸಣ್ಣದು. ಬೇಕಲದ ಕೋಟೆಯ ಮೇಲೆ ಸುಡುಬಿಸಿಲು ಇರುವಾಗ ಎಫ್ 16, ವೇಗ 250. ತೆಳು ಮೋಡ ಬಂದರೆ ಎಫ್ 11. ಜಗಲಿಯ ನೆರಳಿಗೆ ಎಫ್ 5.6. ನಮ್ಮ ಅಡಿಕೆ ತೋಟದ ಒಳಗೆ ಕಣ್ಣು ಮೋಸ ಮಾಡುತ್ತದೆ. ಬೆಳಕು ಸಾಕಷ್ಟಿದೆ ಅನಿಸುತ್ತದೆ, ಇರುವುದಿಲ್ಲ. ಎಫ್ 4, ವೇಗ 60 ಇಟ್ಟು, ಮರಕ್ಕೆ ಒರಗಿ ಕೈ ಗಟ್ಟಿ ಮಾಡಿ ತೆಗಿ. ಮೇಲಿನಿಂದ ಬೀಳುವ ಬಿಸಿಲಿನ ಚುಕ್ಕೆಗಳು ಮುಖದ ಮೇಲೆ ಬೀಳದ ಹಾಗೆ ಜನರನ್ನು ನಿಲ್ಲಿಸು. ಸಂಶಯ ಬಂದರೆ ಬೆಳಕು ಒಂದು ಮೆಟ್ಟಿಲು ಜಾಸ್ತಿಯೇ ಕೊಡು, ಕಲರ್ ನೆಗೆಟಿವ್ ಅದನ್ನು ತಡೆದುಕೊಳ್ಳುತ್ತದೆ. ಕಡಿಮೆಯಾದರೆ ನೆರಳೆಲ್ಲ ಕೆಸರಾಗುತ್ತದೆ.

ಫೋಕಸ್ ನೋಡಲಿಕ್ಕೆ ಇದರಲ್ಲಿ ಏನೂ ಇಲ್ಲ. ಕಣ್ಣಿಟ್ಟು ನೋಡುವ ಕಿಂಡಿಯಲ್ಲಿ ಎಲ್ಲವೂ ಸ್ಪಷ್ಟವಾಗೇ ಕಾಣುತ್ತದೆ, ದೂರವನ್ನು ನೀನೇ ಅಂದಾಜು ಮಾಡಿ ಉಂಗುರ ತಿರುಗಿಸಬೇಕು. ಹೊಸಬರು ಹೆದರುವುದು ಇದಕ್ಕೇ. ಮಾರಿನ ಲೆಕ್ಕ ಹಿಡಿ. ಎರಡೂ ಕೈ ಅಗಲಿಸಿದರೆ ಒಂದು ಮಾರು, ಅದು ನಿನ್ನ ಎತ್ತರಕ್ಕೆ ಹೆಚ್ಚುಕಡಿಮೆ ಸಮ, ನಿನಗೆ 1.6 ಮೀಟರ್ ಬರಬಹುದು. ಎದುರಿನ ವ್ಯಕ್ತಿಗೂ ನಿನಗೂ ನಡುವೆ ಎಷ್ಟು ಮಾರು ಅಂತ ಮನಸ್ಸಿನಲ್ಲೇ ಅಳೆ. ಎರಡು ಮಾರಿದ್ದರೆ ಮೂರು ಮೀಟರಿಗೆ ಇಡು. ಬಿಸಿಲಿನಲ್ಲಿ ಎಫ್ 11, ಉಂಗುರ 6 ಮೀಟರಿಗೆ ಇಟ್ಟರೆ ಮೂರು ಮೀಟರಿಗಿಂತ ಸ್ವಲ್ಪ ಈಚೆಯಿಂದ ಹಿಡಿದು ಕಣ್ಣಿಗೆ ಕಾಣುವಷ್ಟು ದೂರದವರೆಗೆ ಎಲ್ಲವೂ ಸ್ಪಷ್ಟ. ಕುಂಬಳೆ ಪೇಟೆಯಲ್ಲಿ, ಮಧೂರಿನ ದೇವಸ್ಥಾನದ ಅಂಗಳದಲ್ಲಿ ಹೀಗೇ ಇಟ್ಟು ನಡೆ. ಮುಟ್ಟಬೇಕಾದ್ದು ಗುಂಡಿ ಒಂದೇ. ಆದರೆ ಎಫ್ 3.5ರಲ್ಲಿ ಒಂದು ಮೀಟರಿನಿಂದ ಮುಖ ತೆಗೆಯುವಾಗ ಒಂದು ಗೇಣಿನಷ್ಟೂ ಸಲಿಗೆ ಇಲ್ಲ. ಆಗ ಹಗ್ಗವೋ ಟೇಪೋ ಹಿಡಿದೇ ಅಳೆ, ಯಾರು ನಕ್ಕರೂ ನಗಲಿ.

ರಾತ್ರಿಯ ಯಕ್ಷಗಾನದ ಆಟಕ್ಕೆ ಒಯ್ಯುತ್ತೇನೆ ಅಂದಿದ್ದೀ. 200ರಲ್ಲಿ ಆಗದು. 400ರ ಕಪ್ಪುಬಿಳುಪು ಹಾಕಿ, ಮೀಟರಿನಲ್ಲಿ 1600 ಅಂತ ಇಟ್ಟು, ತೊಳೆಯುವವರಿಗೆ ಹಾಗೆಂದು ಹೇಳು. ಕಾಳು ಕಾಳಾಗಿ ಬರುತ್ತದೆ, ಯಕ್ಷಗಾನಕ್ಕೆ ಅದು ಒಪ್ಪುತ್ತದೆ. ಭೂತಕೋಲ, ತೆಯ್ಯಂ ಆಗುವಲ್ಲಿ ಮನೆಯವರನ್ನು ಕೇಳದೆ ಕ್ಯಾಮೆರಾ ತೆಗೆಯಬೇಡ.

ಮಳೆಗಾಲದ ವಿಚಾರ. ಬೆಂಗಳೂರಿನಲ್ಲಿ ನಿನಗೆ ತೊಂದರೆ ಇಲ್ಲ, ಊರಿಗೆ ತಂದಾಗ ಜೋಪಾನ. ಇಲ್ಲಿ ಆಟಿಯಲ್ಲಿ ಚಪ್ಪಲಿಗೂ ಬೂಸಲು ಹಿಡಿಯುತ್ತದೆ. ಈ ಕ್ಯಾಮೆರಾದ ಮೀಟರಿಗೆ ಆಫ್ ಮಾಡುವ ಸ್ವಿಚ್ ಇಲ್ಲ, ಕತ್ತಲಲ್ಲಿ ಇಟ್ಟರೆ ಮಾತ್ರ ಬ್ಯಾಟರಿ ಉಳಿಯುತ್ತದೆ. ಅದಕ್ಕೇ ಹಿಂದಿನವರು ಚರ್ಮದ ಚೀಲದಲ್ಲೇ ಇಡುತ್ತಿದ್ದರು. ಆ ಚರ್ಮವೇ ತೇವ ಕುಡಿದು ಲೆನ್ಸಿಗೆ ಬೂಸಲು ಹತ್ತಿಸುತ್ತದೆ. ಚೀಲ ಬೇರೆ ಇಡು. ಬಿಗಿ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಕಿ, ಕಪ್ಪು ಬಟ್ಟೆಯಲ್ಲಿ ಸುತ್ತಿ ಇಡು. ಅಕ್ಕಿಯಲ್ಲಿ ಹುಗಿಯುವ ಬುದ್ಧಿ ಯಾರೋ ಹೇಳಿಯಾರು, ಕೇಳಬೇಡ, ತೌಡೆಲ್ಲ ಒಳಗೆ ಹೋಗುತ್ತದೆ. ಫಿಲ್ಮನ್ನು ಫ್ರಿಜ್ಜಿನಲ್ಲಿ ಇಡಬಹುದು. ಹೊರಗೆ ತೆಗೆದ ಕೂಡಲೇ ಡಬ್ಬಿ ಬಿಚ್ಚಬೇಡ, ಗಂಟೆ ಒಂದಾಗಲಿ, ಇಲ್ಲದಿದ್ದರೆ ಒಳಗೆ ಬೆವರುತ್ತದೆ.

ಖರ್ಚಿನ ಮಾತು ನಿನಗೇ ಗೊತ್ತಾಗುತ್ತದೆ. ಹಿಂದೆ ಊಟಿಯ ಹಿಂದೂಸ್ತಾನ್ ಫೋಟೋ ಫಿಲ್ಮ್ಸಿನ 'ಇಂದು' ರೋಲ್ ಇತ್ತು, ನಮ್ಮಂಥ ಹಳ್ಳಿ ಸ್ಟುಡಿಯೋಗಳಿಗೆ ಅದೇ ಗತಿ. ಈಗ ಆ ಕಾರ್ಖಾನೆಯೂ ಇಲ್ಲ, ಎಲ್ಲ ಹೊರಗಿನ ಮಾಲು. ರೋಲು, ತೊಳೆಸುವುದು, ಸ್ಕ್ಯಾನು ಸೇರಿದರೆ ಒಂದೆರಡು ರೋಲಿಗೇ ಕ್ಯಾಮೆರಾಕ್ಕೆ ಕೊಟ್ಟ ದುಡ್ಡು ದಾಟುತ್ತದೆ. ತಿಂಗಳಿಗೆ ಒಂದು ರೋಲ್ ಸಾಕು. ಮೊದಲ ರೋಲನ್ನು ಪರೀಕ್ಷೆಗೆ ಮೀಸಲಿಡು. ಪ್ರತಿ ಚಿತ್ರಕ್ಕೆ ಎಫ್ ಎಷ್ಟು, ವೇಗ ಎಷ್ಟು, ಎಷ್ಟು ಮೀಟರ್ ಅಂತ ಪುಸ್ತಕದಲ್ಲಿ ಬರೆ. ತೊಳೆದು ಬಂದಮೇಲೆ ನೆಗೆಟಿವ್ ವಾಪಸು ಕೇಳಿ ತೆಗೆದುಕೊ, ಸ್ಕ್ಯಾನ್ ಕೊಟ್ಟು ನೆಗೆಟಿವ್ ಎಸೆಯುವ ಲ್ಯಾಬುಗಳೂ ಇವೆ.

ಎರಡನೆಯ ರೋಲಿನಲ್ಲಿ ಅಜ್ಜಿಯ ಚಿತ್ರ ತೆಗಿ. ಕೂರಿಸಿ, ಸೆರಗು ಸರಿಮಾಡಿ ತೆಗೆಯಲು ಹೋದರೆ ಅವಳು ಪಾಸ್‌ಪೋರ್ಟ್ ಫೋಟೋದ ಮುಖ ಮಾಡುತ್ತಾಳೆ. ಮಧ್ಯಾಹ್ನ ಚಾ ಆದಮೇಲೆ ಜಗಲಿಯಲ್ಲಿ ಮೆಟ್ಟುಕತ್ತಿ ಇಟ್ಟು ಅಡಿಕೆ ಸುಲಿಯಲು ಕೂರುತ್ತಾಳಲ್ಲ, ಆಗ ಪಡುವಣ ಬೆಳಕು ಓರೆಯಾಗಿ ಕೈಮೇಲೆ ಬೀಳುತ್ತದೆ. ಒಂದು ಮಾರು ದೂರದಲ್ಲಿ ನೀನೂ ನೆಲಕ್ಕೇ ಕೂತು, ಮಾತಾಡುತ್ತಾ ತೆಗಿ.

ದೀಪಾವಳಿಗೆ ಬರುತ್ತೀಯಲ್ಲ, ಕ್ಯಾಮೆರಾ ತಾ. ಶಟರಿನ ಸದ್ದು ನಾನೂ ಒಮ್ಮೆ ಕೇಳಬೇಕು. ನನ್ನ ತೊಳೆಯುವ ಟ್ಯಾಂಕು, ಥರ್ಮಾಮೀಟರು ಅಟ್ಟದಲ್ಲಿವೆ, ಇಳಿಸಿ ಇಡುತ್ತೇನೆ. ಬರುವಾಗ ಡಿ-76 ಡೆವಲಪರ್ ಒಂದು ಪೊಟ್ಟಣ, ಫಿಕ್ಸರ್ ಒಂದು ತೆಗೆದುಕೊಂಡು ಬಾ. ಇಲ್ಲಿ ಕಾಸರಗೋಡಿನಲ್ಲೂ ಈಗ ಸಿಗುವುದಿಲ್ಲ. 675 ಬ್ಯಾಟರಿ ಮಾತ್ರ ತರಬೇಡ, ನನ್ನ ಹತ್ತಿರ ಬೇಕಾದಷ್ಟಿದೆ.

ಇತಿ,
ನಿನ್ನ ಮಾವ