ನಿಮ್ಮ ಆ 131 ಓಟು ನಮ್ಮದೂ ಹೌದು, ಶಾಸಕರೇ

ಚಿತ್ರದುರ್ಗ ಕ್ಷೇತ್ರದ ಶಾಸಕರಿಗೆ ನಮಸ್ಕಾರ.

ಇದು ರಸ್ತೆ, ಚರಂಡಿ, ಭದ್ರಾ ಮೇಲ್ದಂಡೆ ನೀರಿನ ಬಗ್ಗೆ ಬರೆದ ಪತ್ರ ಅಲ್ಲ. ರಾಷ್ಟ್ರಪತಿ ಚುನಾವಣೆಯಲ್ಲಿ ನೀವು ಹಾಕುವ ಓಟಿನ ಬಗ್ಗೆ. ದ್ರೌಪದಿ ಮುರ್ಮು ಅವರ ಐದು ವರ್ಷ 2027ರ ಜುಲೈಗೆ ಮುಗಿಯುತ್ತದೆ. ರಾಷ್ಟ್ರಪತಿಯನ್ನು ಆರಿಸುವುದು ನೇರವಾಗಿ ಜನರಲ್ಲ, ಸಂಸದರು ಮತ್ತು ಶಾಸಕರು. ಹಾಗಾಗಿ ಅದಕ್ಕೆ ಮುಂಚೆ ಶಾಸಕರು ವಿಧಾನಸೌಧದಲ್ಲಿ ಮತ್ತೆ ಓಟು ಹಾಕಬೇಕು.

ಆ ದಿನ ಕರ್ನಾಟಕದ ಒಬ್ಬ ಶಾಸಕರ ಒಂದು ಓಟಿಗೆ 131 ಓಟಿನ ಬೆಲೆ. 1971ರ ಜನಗಣತಿಯಲ್ಲಿ ನಮ್ಮ ರಾಜ್ಯದ ಜನ ಸುಮಾರು 2.93 ಕೋಟಿ. ಅದನ್ನು 224 ಸ್ಥಾನಕ್ಕೆ ಹಂಚಿ, ಬಂದದ್ದನ್ನು ಸಾವಿರದಿಂದ ಭಾಗಿಸಿದರೆ ಈ 131 ಬರುತ್ತದೆ. ಅಂದರೆ ನಮ್ಮ ತಲೆ ಎಣಿಸಿಯೇ ನಿಮಗೆ ಈ ಬೆಲೆ ಕಟ್ಟಿದ್ದಾರೆ. ಮೊಳಕಾಲ್ಮೂರಿನಿಂದ ಹೊಸದುರ್ಗದ ತನಕ ಜಿಲ್ಲೆಯ ಆರೂ ಶಾಸಕರದ್ದು ಕೂಡಿದರೆ 786. ಇಷ್ಟು ಓಟು ಯಾರಿಗೆ ಹೋಗಬೇಕು ಅಂತ ನನ್ನನ್ನಂತೂ ಇವತ್ತಿನ ತನಕ ಯಾರೂ ಕೇಳಿಲ್ಲ.

ಅಮೆರಿಕದಲ್ಲೂ ಜನ ನೇರವಾಗಿ ಅಧ್ಯಕ್ಷರನ್ನು ಆರಿಸುವುದಿಲ್ಲ. ಅಲ್ಲಿ ಜನರ ಪರವಾಗಿ ಓಟು ಹಾಕುವ 538 ಎಲೆಕ್ಟರ್‌ಗಳು, 270 ಸಿಕ್ಕರೆ ಗೆಲುವು. ಬಹುತೇಕ ರಾಜ್ಯಗಳಲ್ಲಿ ಯಾರಿಗೆ ಒಂದು ಓಟು ಜಾಸ್ತಿ ಬಂತೋ ಅವರಿಗೇ ಆ ರಾಜ್ಯದ ಎಲ್ಲ ಎಲೆಕ್ಟರ್‌ಗಳು. 2000ರಲ್ಲಿ ಫ್ಲೋರಿಡಾದ ಬರೀ 537 ಓಟು ಇಡೀ ದೇಶದ ಫಲಿತಾಂಶ ತೀರ್ಮಾನಿಸಿತು. 2016ರಲ್ಲಿ ಹಿಲರಿ ಕ್ಲಿಂಟನ್ ಅವರು ಟ್ರಂಪ್‌ಗಿಂತ 28 ಲಕ್ಷಕ್ಕೂ ಜಾಸ್ತಿ ಓಟು ಪಡೆದು ಸೋತರು. ಇದು ಅನ್ಯಾಯ ಅಂತಲೇ ನನ್ನ ಅಭಿಪ್ರಾಯ, ಅಷ್ಟು ಅಧಿಕಾರ ಇರುವ ಕುರ್ಚಿಗೆ ನೇರ ಓಟೇ ಸರಿ. ಆದರೆ ಅಲ್ಲಿನ ಮತದಾರನಿಗೆ ತನ್ನ ಓಟಿನಿಂದ ಗೆಲ್ಲುವ ಎಲೆಕ್ಟರ್ ಯಾರ ಕಡೆಯವನು ಅಂತ ಮೊದಲೇ ಗೊತ್ತಿರುತ್ತದೆ. ಮಾತು ತಪ್ಪಿದವನನ್ನು ರಾಜ್ಯಗಳು ಶಿಕ್ಷಿಸಬಹುದು ಅಂತ 2020ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಕೂಡ ಹೇಳಿದೆ. ನಿಮಗೆ ಓಟು ಹಾಕುವಾಗ ನಮಗೆ ಅಂಥದ್ದೇನೂ ಗೊತ್ತಿರಲಿಲ್ಲ ಅಲ್ವಾ?

ಹಾಗಂತ ನಮ್ಮ ರಾಷ್ಟ್ರಪತಿಗೂ ನೇರ ಚುನಾವಣೆ ಮಾಡಿ ಅಂತ ನಾನು ಕೇಳುತ್ತಿಲ್ಲ. ಸಂವಿಧಾನ ಸಭೆಯಲ್ಲಿ ಕೆ.ಟಿ. ಶಾ ಅದನ್ನು ಕೇಳಿದ್ದರು, ಸಭೆ ಒಪ್ಪಲಿಲ್ಲ. ನಿಜವಾದ ಅಧಿಕಾರ ಮಂತ್ರಿಮಂಡಲದ್ದು, ಹಾಗಿರುವಾಗ ದೇಶದ ಜನರೆಲ್ಲ ಓಟು ಹಾಕಿ ಕೂರಿಸಿದ ರಾಷ್ಟ್ರಪತಿ ಒಂದು ಕಡೆ, ಪ್ರಧಾನಿ ಒಂದು ಕಡೆ ಎಳೆದರೆ ಗತಿ ಏನು ಅನ್ನುವ ಸಭೆಯ ಚಿಂತೆ ನನಗೂ ಸರಿ ಅನ್ನಿಸುತ್ತದೆ. ಇನ್ನೊಂದು ಮಾತು. 1971ರ ಲೆಕ್ಕವನ್ನೇ ಹಿಡಿದಿರುವುದರಿಂದ, ಜನಸಂಖ್ಯೆ ಹಿಡಿತದಲ್ಲಿಟ್ಟ ನಮ್ಮಂಥ ರಾಜ್ಯಗಳ ತೂಕ ಕಡಿಮೆಯಾಗಿಲ್ಲ. ನೇರ ಓಟಾದರೆ ಆ ರಕ್ಷಣೆ ಹೋಗುತ್ತದೆ.

ಎಲೆಕ್ಟರ್‌ಗಳು ಇರಲಿ, ಅಂದರೆ ನೀವು ಇರಿ. ಆದರೆ ನಮಗೆ ಹೇಳಿ ಓಟು ಹಾಕಿ.

1969 ನೆನಪು ಮಾಡಿಕೊಳ್ಳಿ. ಆಗ ಕಾಂಗ್ರೆಸ್ ಅಧ್ಯಕ್ಷರು ನಮ್ಮ ದುರ್ಗದ ಎಸ್. ನಿಜಲಿಂಗಪ್ಪನವರು. ಪಕ್ಷದ ಅಭ್ಯರ್ಥಿ ನೀಲಂ ಸಂಜೀವ ರೆಡ್ಡಿ. ಇಂದಿರಾ ಗಾಂಧಿಯವರು ಆತ್ಮಸಾಕ್ಷಿಯಂತೆ ಓಟು ಹಾಕಿ ಅಂದರು, ಎರಡನೇ ಪ್ರಾಶಸ್ತ್ಯದ ಓಟುಗಳನ್ನು ಎಣಿಸಿದ ಮೇಲೆ ಪಕ್ಷೇತರ ಅಭ್ಯರ್ಥಿ ವಿ.ವಿ. ಗಿರಿ ಗೆದ್ದರು, ಅದೇ ವರ್ಷ ಪಕ್ಷ ಎರಡಾಯಿತು. ಸೀಬಾರದ ನಿಜಲಿಂಗಪ್ಪನವರ ಸ್ಮಾರಕದ ಮುಂದೆ ಹೋಗುವಾಗೆಲ್ಲ ನನಗೆ ಇದು ನೆನಪಾಗುತ್ತದೆ. ಒಂದು ಕಡೆ ಪಕ್ಷದ ಮಾತು, ಇನ್ನೊಂದು ಕಡೆ ಆತ್ಮಸಾಕ್ಷಿ. ಶಾಸಕರನ್ನು ಗೆಲ್ಲಿಸಿ ಕಳಿಸಿದ ಜನರ ಮಾತು ಇದರಲ್ಲಿ ಎಲ್ಲಿತ್ತು?

ಈ ಚುನಾವಣೆಯಲ್ಲಿ ವಿಪ್, ಅಂದರೆ ಹೀಗೇ ಓಟು ಹಾಕಿ ಅನ್ನುವ ಪಕ್ಷದ ಕಟ್ಟಪ್ಪಣೆ, ನಡೆಯುವುದಿಲ್ಲ, ಅದು ನಿಮಗೆ ಗೊತ್ತೇ ಇದೆ. ಹಾಗಾಗಿ ಪಕ್ಷ ಹೇಳಿತು, ಹಾಕಿದೆ ಅನ್ನುವ ಉತ್ತರ ನಮಗೆ ಸಾಲದು. ಓಟು ಗುಟ್ಟಿನದ್ದು, ಅದನ್ನು ತೋರಿಸಿ ಅಂತಲೂ ನಾವು ಕೇಳುವುದಿಲ್ಲ. ನಾಮಪತ್ರ ಮುಗಿದು ಯಾರ್ಯಾರು ಕಣದಲ್ಲಿದ್ದಾರೆ ಅಂತ ಗೊತ್ತಾದ ಮೇಲೆ, ಬೆಂಗಳೂರಿಗೆ ಹೊರಡುವ ಮೊದಲು, ಒಂದು ಸಂಜೆ ಹಳೇ ಮಾಧ್ಯಮಿಕ ಶಾಲೆ ಮೈದಾನಕ್ಕೆ ಬನ್ನಿ. ಶಾಮಿಯಾನ, ಹಾರ, ಸನ್ಮಾನ ಯಾವುದೂ ಬೇಡ. ಒಂದು ಮೈಕ್ ಸಾಕು. ಯಾರು ಯೋಗ್ಯರು, ಯಾಕೆ ಅಂತ ನೀವು ಹೇಳಿ, ಆಮೇಲೆ ಮೈಕ್ ನಮಗೆ ಕೊಡಿ. ಬರುತ್ತೀರೋ ಇಲ್ಲವೋ ಅಂತ ಈ ಪತ್ರಕ್ಕೆ ಒಂದು ಸಾಲಿನ ಉತ್ತರ ಬರೆಯಿರಿ.

ಇಂತಿ,
ನಿಮ್ಮ ಕ್ಷೇತ್ರದ ಒಬ್ಬ ಮತದಾರ
ಚಿತ್ರದುರ್ಗ